ಒಮ್ಮೆ ಬರೆದ ಮಾತಿನ ಹೊಣೆ

ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಕ್ರಿ.ಶ. 578ರ ಚಾಲುಕ್ಯ ಮಂಗಲೇಶನ ಶಾಸನದಲ್ಲಿ ಅರಸನ ವಂಶವನ್ನು ಮಾನವ್ಯಸಗೋತ್ರ, ಹಾರೀತಿಪುತ್ರ ಎಂಬ ವಿಶೇಷಣಗಳಿಂದ ಕೊಂಡಾಡಿದೆ. ಅದೇ ಪ್ರಶಂಸೆ ಹಿಗ್ಗಿಯೋ ಕುಗ್ಗಿಯೋ ಆ ಮನೆತನದ ತಾಮ್ರಪಟಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬಂದರಂತೂ ಈ ಸೀಮೆಯ ದಾನಶಾಸನಗಳು ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ ಎಂಬ ಬಿರುದುಗಳ ಸಾಲಿನಿಂದ ತೊಡಗಿ, ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟುವುದೆಂಬ ಶಾಪಾಶಯದಲ್ಲಿ ಮುಗಿಯುವುದು ವಾಡಿಕೆಯೇ ಆಯಿತು.

ಈ ಪುನರುಕ್ತಿಯನ್ನು ಕಂಡು ಬೇಸರಪಡುವುದು ತರವಲ್ಲ. ಊರಿನ ಒಕ್ಕಲಿಗನ ಕಣ್ಣೆದುರಿಗೆ ನಿಂತಿದ್ದುದು ಒಂದೇ ಕಲ್ಲು; ಶಾಪಾಶಯವನ್ನು ಪಕ್ಕದೂರಿನ ಕಲ್ಲಿನಲ್ಲಿ ನೋಡಿಕೋ ಎಂದು ಅವನಿಗೆ ಹೇಳುವಂತಿರಲಿಲ್ಲ. ಆದರೆ ಪ್ರತಿ ಸಲವೂ ಹೊಸದಾಗಿ ಬರೆದು ಕಂಡರಿಸಬೇಕಾದಲ್ಲಿ ಪಾಠ ಒಂದೇ ಆಗಿ ಉಳಿಯುವುದು ದುರ್ಲಭ. 543ರ ಒಂದನೆಯ ಪುಲಕೇಶಿಯ ಬಂಡೆಗಲ್ಲಿನ ಬರೆಹದಲ್ಲಿ ಚಲಿಕ್ಯ ಎಂದಿರುವ ಕುಲನಾಮವೇ ಬೇರೆಡೆಗಳಲ್ಲಿ ಚಲುಕ್ಯ, ಚಾಲುಕ್ಯ ಎಂದಾಗಿದೆ.

ಕಲ್ಲಿಗಿದ್ದ ಈ ನಿರ್ಬಂಧ ಇಂದಿನ ಬರೆಹಗಾರನಿಗಿಲ್ಲ. ಆದರೂ ಅವನು ಅದನ್ನು ತಾನಾಗಿಯೇ ಹೊತ್ತುಕೊಳ್ಳುತ್ತಾನೆ. ಇಳಕಲ್ಲಿನ ಕೆಂಪು ಗ್ರಾನೈಟನ್ನು ಕೊಯ್ಯುವ ಯಂತ್ರಕ್ಕೆ ಕೈಪಿಡಿಯೊಂದನ್ನು ಬರೆಯುವವನನ್ನು ಭಾವಿಸಿಕೊಳ್ಳೋಣ. ‘ಬ್ಲೇಡಿನ ಬಳಿ ಕೈ ಒಯ್ಯುವ ಮೊದಲು ಮೇನ್ ಸ್ವಿಚ್ ಆರಿಸಿರಿ’ ಎಂಬ ಎಚ್ಚರಿಕೆ ಜೋಡಣೆ, ಬ್ಲೇಡು ಬದಲಾವಣೆ, ಶುಚಿಮಾಡುವಿಕೆ, ದುರಸ್ತಿ ಈ ಎಲ್ಲ ಅಧ್ಯಾಯಗಳಲ್ಲಿಯೂ ಇರತಕ್ಕದ್ದು. ಏಕೆಂದರೆ ಕೆಲಸಗಾರನು ಕೈಪಿಡಿಯನ್ನು ಆಮೂಲಾಗ್ರವಾಗಿ ಓದುವುದಿಲ್ಲ, ತನಗೆ ಬೇಕಾದ ಪುಟವನ್ನಷ್ಟೇ ತೆರೆಯುತ್ತಾನೆ. ಬರೆಹಗಾರನು ಆ ವಾಕ್ಯವನ್ನು ನಕಲು ಮಾಡಿ ಅಂಟಿಸುತ್ತ ಹೋಗುತ್ತಾನೆ. ಮುಂದೊಂದು ದಿನ, ಸ್ವಿಚ್ ಆರಿಸಿದ ಮೇಲೆಯೂ ಬ್ಲೇಡು ಪೂರ್ತಿಯಾಗಿ ನಿಲ್ಲುವವರೆಗೆ ಕಾಯಬೇಕೆಂದು ಸೇರಿಸಬೇಕಾದಾಗ, ಮೂರು ಕಡೆ ತಿದ್ದಿ ನಾಲ್ಕನೆಯದನ್ನು ಮರೆಯುತ್ತಾನೆ. ಮರೆತ ಪುಟವನ್ನು ತೆರೆದವನ ಬೆರಳಿಗೆ ಯಾರು ಹೊಣೆ? ನಕಲು ಮಾಡುವುದು ಶ್ರಮದಂತೆ ತೋರುವ ಆಲಸ್ಯವೆಂದೇ ನನ್ನ ಎಣಿಕೆ.

ಇದಕ್ಕೆ ಉಪಾಯ ಹೊಸದೇನಲ್ಲ. ಪಠ್ಯಕ್ಕೆ ಗುರುತು ಹಾಕುವ ಗಣಕಭಾಷೆಗಳಲ್ಲಿ, 1986ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಎಸ್‌ಜಿಎಂಎಲ್‌ನಲ್ಲಿಯೂ, 1998ರಲ್ಲಿ ಬಂದ ಎಕ್ಸ್‌ಎಂಎಲ್‌ನಲ್ಲಿಯೂ, ವಾಕ್ಯವೊಂದಕ್ಕೆ ಕಡತದ ಮೊದಲಲ್ಲಿ ಹೆಸರು ಕೊಟ್ಟು, ಬೇಕಾದೆಡೆಯಲ್ಲಿ ಆ ಹೆಸರನ್ನಷ್ಟೇ ಬರೆಯುವ ಏರ್ಪಾಡುಂಟು. ಎಕ್ಸ್‌ಎಂಎಲ್‌ನಲ್ಲಿ ಹೆಸರು ಕನ್ನಡ ಲಿಪಿಯಲ್ಲಿಯೇ ಇರಬಹುದು: &ಎಚ್ಚರಿಕೆ; ಎಂದು ಬರೆದಲ್ಲೆಲ್ಲ ಅಚ್ಚಿನಲ್ಲಿ ಪೂರ್ಣ ವಾಕ್ಯ ಮೂಡುತ್ತದೆ, ಮೂಲದಲ್ಲಿ ಒಮ್ಮೆ ತಿದ್ದಿದರೆ ಎಲ್ಲೆಡೆಯೂ ತಿದ್ದಿದಂತಾಗುತ್ತದೆ. ಇಡೀ ಪರಿಚ್ಛೇದಗಳನ್ನು ಬೇರೆ ಕಡತದಿಂದ ತರಲು ಎಕ್ಸ್‌ಇನ್‌ಕ್ಲೂಡ್ ಇದೆ. ಓದುಗನಿಗೆ ಮಾತು ಎಷ್ಟು ಸಲ ಬೇಕಾದರೂ ದೊರೆಯಲಿ. ಬರೆದವನ ಬಳಿ ಅದು ಒಂದೇ ಸಲ ಇರಲಿ.

ಕನ್ನಡದಲ್ಲಿ ಬರೆಯುವವರು ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಬಿಡಿ ನಾಮಪದಕ್ಕೆ ಇಂತಹ ಹೆಸರಿಟ್ಟರೆ ವಿಭಕ್ತಿ ಕೆಡುತ್ತದೆ: ‘ಯಂತ್ರ’ ಇದ್ದಲ್ಲಿ ‘ಮೋಟರು’ ಎಂದು ಬದಲಿಸಿದರೆ ಅದರ ಮುಂದೆ ಬರೆದಿಟ್ಟ ‘ಕ್ಕೆ’ ಹಾಗೆಯೇ ಉಳಿದು ‘ಮೋಟರುಕ್ಕೆ’ ಎಂಬ ವಿಕಾರ ಹುಟ್ಟುತ್ತದೆ. ಆದುದರಿಂದ ನಮ್ಮ ಭಾಷೆಯಲ್ಲಿ ಮರುಬಳಕೆಗೆ ಯೋಗ್ಯವಾದುದು ಪೂರ್ಣ ವಾಕ್ಯ. ಅದೂ ‘ಮೇಲೆ ಹೇಳಿದಂತೆ’, ‘ಈ ಹಿಂದೆ’ ಎಂಬ ಊರುಗೋಲುಗಳಿಲ್ಲದೆ ಎಲ್ಲಿಟ್ಟರೂ ಸ್ವತಂತ್ರವಾಗಿ ನಿಲ್ಲುವಂಥದು. ಹಾಗೆ ಬರೆಯಹೊರಟಾಗ, ಇದು ನಿಜವಾಗಿ ಯಾರಿಗೆ, ಯಾವಾಗ ಬೇಕು ಎಂದು ಯೋಚಿಸದೆ ಒಂದು ಪದವನ್ನೂ ಇಡಲಾಗದು; ಈ ಯೋಚನೆಯೇ ಬರೆಹಗಾರನ ಸ್ವಭಾವವನ್ನು ತಿದ್ದುವ ಶಿಕ್ಷಣ.

ಬಾಗಲಕೋಟೆಯಲ್ಲಿ ಪ್ರಯೋಗಶಾಲೆಯ ಪುಸ್ತಿಕೆಗಳನ್ನೂ ಯಂತ್ರಗಳ ಕೈಪಿಡಿಗಳನ್ನೂ ಸಿದ್ಧಪಡಿಸುವ ತರುಣರಲ್ಲಿ ನನ್ನ ಬಿನ್ನಹವಿಷ್ಟು: ಒಂದು ವಾಕ್ಯವನ್ನು ಎರಡನೆಯ ಸಲ ಅಂಟಿಸಲು ಕೈ ಹೋದಾಗ ತಡೆದು, ಅದಕ್ಕೊಂದು ಹೆಸರಿಡಿರಿ, ಅದನ್ನು ತಿದ್ದಿದ ದಿನ, ಅದು ಹೋಗಿ ಸೇರುವ ಪುಟಗಳನ್ನೆಲ್ಲ ತೆರೆದು ಓದಿರಿ.