ಬರಿಗೈಯಲ್ಲಿ ಹೋಗುವುದು

ಅಮೆರಿಕದ ಶಾಲೆಗಳಿಗೆ ಬೇಸಿಗೆ ರಜೆ ಬಿಟ್ಟೊಡನೆ ಮಯಾಮಿ, ಹ್ಯೂಸ್ಟನ್‌ನಂಥ ವಿಮಾನ ನಿಲ್ದಾಣಗಳಲ್ಲಿ ಒಂದೇ ಬಣ್ಣದ ಟೀ ಶರ್ಟು ತೊಟ್ಟ ಹುಡುಗ ಹುಡುಗಿಯರ ಗುಂಪುಗಳು ಕಾಣತೊಡಗುತ್ತವೆ. ಎದೆಯ ಮೇಲೆ ಚರ್ಚಿನ ಹೆಸರು, ಕಾಲ ಬಳಿ ಔಷಧಿ, ಬಣ್ಣದ ಪೆನ್ಸಿಲು, ಹಳೆಯ ಬಟ್ಟೆ ತುಂಬಿದ ದೊಡ್ಡ ದೊಡ್ಡ ಚೀಲಗಳು. ಹೊಂಡುರಾಸಿಗೋ ಗ್ವಾಟೆಮಾಲಾಕ್ಕೋ ಹೊರಟವರು ಇವರು. ವಾರವೋ ಹತ್ತು ದಿನವೋ ಅಲ್ಲಿದ್ದು, ಶಾಲೆಯ ಗೋಡೆಗೆ ಬಣ್ಣ ಬಳಿದು, ಮಕ್ಕಳಿಗೆ ಹಾಡು ಕಲಿಸಿ, ಅಲ್ಲಿಯವರ ಜೊತೆ ಕೂತು ಪ್ರಾರ್ಥಿಸಿ ಹಿಂದಿರುಗುವವರು. ಮಿಷನ್ ಟ್ರಿಪ್ ಎಂದು ಇದಕ್ಕೆ ಹೆಸರು. ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್‌ನೋ 2005ರ ಸಮೀಕ್ಷೆಯ ಆಧಾರದ ಮೇಲೆ ಮಾಡಿದ ಅಂದಾಜಿನಂತೆ, ವರ್ಷವೊಂದಕ್ಕೆ ಸುಮಾರು 16 ಲಕ್ಷ ಅಮೆರಿಕನ್ನರು ಹೀಗೆ ಪರದೇಶಗಳಿಗೆ ಹೋಗಿ ಬರುತ್ತಿದ್ದರು.

ಇವರನ್ನು ಕಂಡು ಹಗುರವಾಗಿ ಮಾತಾಡುವುದು ಸುಲಭ, ಆದರೆ ನ್ಯಾಯವಲ್ಲ. ಪರಿಚಿತರಿಗೆಲ್ಲ ಪತ್ರ ಬರೆದು, ಚರ್ಚಿನ ಅಂಗಳದಲ್ಲಿ ಕಾರು ತೊಳೆದು, ಕೇಕು ಮಾರಿ ಪ್ರಯಾಣದ ಹಣ ಕೂಡಿಸಿದವರು ಇವರಲ್ಲಿ ಎಷ್ಟೋ ಮಂದಿ. ಕಂಡರಿಯದ ಊರಿನ, ಕೇಳರಿಯದ ಭಾಷೆಯ ಜನರ ಕಷ್ಟ ತನಗೂ ಸೇರಿದ್ದು ಎಂದು ಹದಿನಾರರ ವಯಸ್ಸಿನ ಒಂದು ಜೀವಕ್ಕೆ ಅನ್ನಿಸುವುದು ಸಣ್ಣ ಸಂಗತಿಯಲ್ಲ, ಅದನ್ನು ಜೋಪಾನ ಮಾಡಬೇಕು. ನನ್ನನ್ನು ಕಾಡುವ ಪ್ರಶ್ನೆ ಅದರ ಮುಂದಿನದು. ಒಳ್ಳೆಯದನ್ನು ಮಾಡಲು ಹೊರಟ ಮನಸ್ಸು, ತಾನು ಕೊಡುವವನು, ಎದುರಿನವನು ಪಡೆಯುವವನು ಎಂಬ ಭಾವವನ್ನು ಹೊತ್ತುಕೊಂಡೇ ಗಡಿ ದಾಟಿದರೆ, ಅತ್ತ ಕಡೆ ನಿಂತ ಮನುಷ್ಯನನ್ನು ಪೂರ್ತಿಯಾಗಿ ನೋಡಬಲ್ಲದೇ?

1998ರ ಅಕ್ಟೋಬರ್ ಕೊನೆಯಲ್ಲಿ ಮಿಚ್ ಎಂಬ ಚಂಡಮಾರುತ ಹೊಂಡುರಾಸಿನ ಮೇಲೆ ದಿನಗಟ್ಟಲೆ ಮಳೆ ಸುರಿಸಿತು. ಗುಡ್ಡಗಳು ಜರಿದವು, ಹೊಳೆಗಳು ಕೇರಿಗಳನ್ನೇ ಬಳಿದುಕೊಂಡು ಹೋದವು, ಸಾವಿರಾರು ಜನ ಸತ್ತರು, ಉಳಿದವರಲ್ಲಿ ಲೆಕ್ಕವಿಲ್ಲದಷ್ಟು ಮಂದಿಗೆ ಮನೆಯಿಲ್ಲವಾಯಿತು. ಉತ್ತರ ಅಮೆರಿಕದ ಚರ್ಚುಗಳಿಂದ ತಂಡದ ಮೇಲೆ ತಂಡ ಬಂದು ಇಟ್ಟಿಗೆ ಹೊತ್ತಿತು, ಗಾರೆ ಕಲಸಿತು, ಮನೆ ಕಟ್ಟಿತು. ಹೊಂಡುರಾಸಿನಲ್ಲೇ ಬಹುಕಾಲದಿಂದ ನೆಲೆಸಿದ್ದ ಕರ್ಟ್ ವರ್ ಬೀಕ್ ಎಂಬ ಪ್ರಾಧ್ಯಾಪಕರು, ತಾವೂ ನಂಬಿಕೆಯುಳ್ಳ ಕ್ರೈಸ್ತರೇ, ಈ ಮನೆಗಳನ್ನು ಪಡೆದ ಕುಟುಂಬಗಳನ್ನೂ ಕಟ್ಟಲು ಬಂದವರನ್ನೂ ಕೆಲವು ವರ್ಷಗಳ ಬಳಿಕ ಹುಡುಕಿ ಮಾತಾಡಿಸಿದರು. ಕಂಡುಕೊಂಡದ್ದನ್ನು 2006ರಲ್ಲಿ ಪ್ರಕಟಿಸಿದರು. ಸುಮಾರು 2,000 ಡಾಲರಿನಲ್ಲಿ ಆಗುವ ಮನೆಗಾಗಿ ಒಂದೊಂದು ತಂಡದ ಪ್ರಯಾಣಕ್ಕೆ ಆಗುತ್ತಿದ್ದ ಖರ್ಚು ಸುಮಾರು 30,000 ಡಾಲರು. ಪರದೇಶದವರು ಬಂದು ಕಟ್ಟಿಕೊಟ್ಟ ಮನೆಯವರ ಬದುಕಿಗೂ ಸ್ಥಳೀಯ ಸಂಸ್ಥೆಗಳೇ ಕಟ್ಟಿಕೊಟ್ಟ ಮನೆಯವರ ಬದುಕಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಂದು ಹೋದವರಾದರೂ ಬದಲಾದರೇ ಎಂದರೆ, ಬದಲಾದೆವು ಎಂದು ಅವರು ಮನಸಾರೆ ನಂಬಿದ್ದರೂ, ಅವರ ದಾನದಲ್ಲಾಗಲಿ ದಿನನಿತ್ಯದ ನಡೆಯಲ್ಲಾಗಲಿ ನಿಂತ ಬದಲಾವಣೆ ಬಹಳ ಕಡಿಮೆಯಿತ್ತು.

ಈ ಅಂಕಿಗಳನ್ನು ಮುಂದಿಟ್ಟು, ಹಾಗಾದರೆ ಹೋಗುವುದೇ ಬೇಡ, ಹಣ ಕಳಿಸಿದರೆ ಸಾಕು ಎಂದು ತೀರ್ಮಾನಿಸುವವರಿದ್ದಾರೆ. ನನಗೆ ಆ ತೀರ್ಮಾನ ಒಪ್ಪಿಗೆಯಾಗುವುದಿಲ್ಲ. ಮನುಷ್ಯರು ಮನುಷ್ಯರನ್ನು ಮುಖತಃ ಕಾಣುವುದಕ್ಕೆ ಡಾಲರಿನಲ್ಲಿ ಬೆಲೆ ಕಟ್ಟಲಾಗದು. ಮನೆ ಕಟ್ಟುವುದು ನಿಜವಾದ ಉದ್ದೇಶವಾಗಿದ್ದರೆ ಆ ಊರಿನ ಗಾರೆ ಕೆಲಸದವರು ಸುಖವಾಗಿ ಕಟ್ಟಿಯಾರು, ಅವರಿಗೆ ಕೂಲಿಯೂ ದೊರಕೀತು. ಸುತ್ತಿಗೆ ಹಿಡಿದರಿಯದವರು ಸಾಗರ ದಾಟಿ ಬಂದದ್ದಕ್ಕೆ ಬೇರೊಂದು ಅರ್ಥ ಇರಬೇಕಲ್ಲವೇ?

ಆ ಅರ್ಥವನ್ನು ಹುಡುಕಿಕೊಂಡು ನಾನು ಇವರದೇ ಗ್ರಂಥದ ಬಳಿಗೆ ಹೋಗುತ್ತೇನೆ. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸು ತನ್ನ ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಊರೂರಿಗೆ ಕಳಿಸುವ ಸಂದರ್ಭವಿದೆ. ಅಲ್ಪಕಾಲದ ಮಿಷನ್ ಯಾತ್ರೆಗೆ ಇದು ಬಹಳ ಹಳೆಯ ಮಾದರಿ. ಹೊರಡುವ ಮುನ್ನ ಅವರಿಗೆ ಸಿಕ್ಕ ಸೂಚನೆಗಳನ್ನು ಗಮನಿಸಬೇಕು: ಹಣದ ಚೀಲ ಒಯ್ಯಬಾರದು, ಹಸಿಬೆ ಒಯ್ಯಬಾರದು, ಕಾಲಿಗೆ ಕೆರವನ್ನೂ ಒಯ್ಯಬಾರದು, ಯಾರು ಒಳಗೆ ಕರೆಯುತ್ತಾರೋ ಅವರ ಮನೆಯಲ್ಲೇ ತಂಗಬೇಕು, ಮನೆಯಿಂದ ಮನೆಗೆ ಅಲೆಯಬಾರದು, ಅವರು ಬಡಿಸಿದ್ದನ್ನು ಉಣ್ಣಬೇಕು. ಕೊಡಲು ಹೋಗುವವನನ್ನು ಮೊದಲು ಬೇಡುವವನನ್ನಾಗಿ ಮಾಡುವ ಸೂಚನೆಗಳು ಇವು. ರಾತ್ರಿ ತಲೆಯ ಮೇಲೊಂದು ಸೂರಿಗೂ ಹೊಟ್ಟೆಗೊಂದು ತುತ್ತಿಗೂ ಅಪರಿಚಿತರ ದಯೆಯನ್ನೇ ನಂಬಿಕೊಂಡು ಹೋದವನು ಆ ಊರಿನ ಜನರನ್ನು ನೋಡುವ ಕಣ್ಣೇ ಬೇರೆಯಾಗುವುದಿಲ್ಲವೇ? ಅವನಿಗೆ ಅವರು ಬಡವರಾಗಿ ಕಾಣುವ ಮೊದಲು ಅನ್ನದಾತರಾಗಿ ಕಾಣುತ್ತಾರೆ.

ಯೋಹಾನನ ಸುವಾರ್ತೆಯಲ್ಲೂ ಇಂಥದೇ ಒಂದು ಪ್ರಸಂಗ. ಯೆಹೂದ್ಯರು ಹೊಕ್ಕುಬಳಕೆ ಇಟ್ಟುಕೊಳ್ಳದ ಸಮಾರ್ಯದ ನೆಲದಲ್ಲಿ, ನಡುಮಧ್ಯಾಹ್ನ, ಯಾಕೋಬನ ಬಾವಿಯ ಬಳಿ ದಣಿದು ಕೂತ ಯೇಸು, ನೀರಿಗೆ ಬಂದ ಹೆಂಗಸಿನೊಡನೆ ಮಾತು ಶುರುಮಾಡುವುದೇ ಕುಡಿಯಲು ನೀರು ಕೇಳುವುದರಿಂದ. ಉಪದೇಶ ಆಮೇಲಿನದು. ಆ ಊರಿನವರು ಇರಬೇಕೆಂದು ಕೇಳಿಕೊಂಡರು, ಅವನು ಅಲ್ಲಿ ಇದ್ದದ್ದು ಎರಡೇ ದಿನ. ಅಲ್ಪಕಾಲ ಎಂಬುದೇ ದೋಷವಲ್ಲ ಎನ್ನಲು ನನಗೆ ಈ ಎರಡು ದಿನಗಳು ಸಾಕು. ಬಾಯಾರಿಕೆಯನ್ನು ಒಪ್ಪಿಕೊಂಡು ಬಂದವನಿಗೆ ಎರಡು ದಿನದಲ್ಲೂ ಒಂದು ಊರು ತೆರೆದುಕೊಳ್ಳುತ್ತದೆ.

ಇಂದಿನ ಮಿಷನ್ ಟ್ರಿಪ್‌ಗಳಿಂದ ಹಿಂದಿರುಗಿದ ಮೇಲಿನ ಭಾನುವಾರ ತಮ್ಮ ಚರ್ಚಿನಲ್ಲಿ ಸಾಕ್ಷಿ ಹೇಳಲು ನಿಂತವರ ಬಾಯಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಅವರ ಬಳಿ ಏನೂ ಇಲ್ಲ, ಆದರೂ ಎಷ್ಟು ಸಂತೋಷವಾಗಿದ್ದಾರೆ! ಪ್ರಾಮಾಣಿಕವಾಗಿ, ಕಣ್ಣು ತುಂಬಿಕೊಂಡು ಹೇಳುವ ಮಾತು ಇದು. ಆದರೆ ನೆಂಟರು ಬಂದಾಗ ಯಾರ ಮನೆಯಲ್ಲಿ ಮುಖ ಸಪ್ಪಗೆ ಮಾಡಿಕೊಂಡು ಕೂರುತ್ತಾರೆ? ಡಬ್ಬಿಯಲ್ಲಿ ಸಕ್ಕರೆ ಇಲ್ಲದಿದ್ದರೆ ಹಿತ್ತಿಲ ಬಾಗಿಲಿನಿಂದ ಪಕ್ಕದ ಮನೆಗೆ ಹೋಗಿ ಕಡ ತಂದು, ಏನೂ ಆಗದವರಂತೆ ಕಾಫಿ ಬೆರೆಸಿ ಕೊಡುವ ತಾಯಂದಿರನ್ನು ನಾವೆಲ್ಲ ಕಂಡವರೇ. ಮಧ್ಯ ಅಮೆರಿಕದ ಆ ತಾಯಿಯ ನಗುವೂ ಅಂಥದೇ ಇದ್ದೀತು. ಅವಳ ಮಗನ ಸಾಲ, ಗಂಡನ ಎದೆನೋವು, ಮಳೆ ಕೈಕೊಟ್ಟ ಜೋಳದ ಹೊಲ, ಇವನ್ನೆಲ್ಲ ಹತ್ತು ದಿನದ ಅತಿಥಿಯ ಮುಂದೆ ಅವಳು ಹರಡುವುದಿಲ್ಲ. ಅವಳ ಮರ್ಯಾದೆಯನ್ನು ಅವಳ ಸುಖವೆಂದು ತಿಳಿದು ಬಂದರೆ, ಬಡತನ ಅಷ್ಟೇನೂ ಕೆಟ್ಟದ್ದಲ್ಲ ಎಂಬ ಸಮಾಧಾನವೊಂದು ನಮಗರಿವಿಲ್ಲದೆಯೇ ನಮ್ಮೊಳಗೆ ಕೂತುಬಿಡುತ್ತದೆ. ದೂರ ಹೋಗಿ ಇಂಥ ಸಮಾಧಾನ ತರುವುದಕ್ಕಿಂತ ಮನೆಯಲ್ಲೇ ಇದ್ದು ಕಳವಳಪಡುವುದು ಮೇಲು.

ಅವಸರದ ಕರುಣೆ ಇನ್ನೂ ದೂರ ಹೋದದ್ದೂ ಉಂಟು. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದ ಕೆಲವೇ ದಿನಗಳಲ್ಲಿ, ಅಮೆರಿಕದ ಚರ್ಚಿನವರ ಗುಂಪೊಂದು 33 ಮಕ್ಕಳನ್ನು ಅನಾಥರೆಂದು ತಿಳಿಸಿ, ಸರಿಯಾದ ಕಾಗದಪತ್ರಗಳಿಲ್ಲದೆ ಡೊಮಿನಿಕನ್ ರಿಪಬ್ಲಿಕ್ ಗಡಿಯತ್ತ ಕರೆದೊಯ್ಯುವಾಗ ತಡೆಯಲ್ಪಟ್ಟಿತು. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆಯೋ ತಾಯಿಯೋ ಬದುಕಿದ್ದರು. ಹೆತ್ತವರಲ್ಲಿ ಕೆಲವರು, ಮಗು ಓದೀತು, ಉಂಡೀತು ಎಂಬ ಆಸೆಯಿಂದ ಕಳಿಸಿಕೊಟ್ಟಿದ್ದರು. ಒಂದು ಮಗುವಿನ ಹಿಂದೆ ಒಬ್ಬ ತಾಯಿ ಇದ್ದಾಳೆ, ಅವಳಿಗೂ ಒಂದು ಮಾತಿದೆ ಎಂಬುದು ಕಾಣದಷ್ಟು ಆತುರ ಕರುಣೆಗೆ ಬರಬಾರದು.

ಇವಾನ್ ಇಲಿಚ್ ಕ್ಯಾಥೊಲಿಕ್ ಪಾದ್ರಿಯಾಗಿದ್ದವರು, ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ನೆಲೆಸಿದ್ದವರು. 1968ರ ಏಪ್ರಿಲ್‌ನಲ್ಲಿ ಹಳ್ಳಿಗಳ ಸೇವೆಗೆಂದು ಹೊರಟ ಅಮೆರಿಕನ್ ವಿದ್ಯಾರ್ಥಿಗಳ ಸಭೆಗೆ ಅವರನ್ನು ಭಾಷಣಕ್ಕೆ ಕರೆದರೆ, ಅವರು ನಿಷ್ಠುರವಾಗಿ ಹೇಳಿದ್ದು ಇಷ್ಟು: ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಕಲಿಯಲು ಬನ್ನಿ, ನೆರವಾಗಲು ಮಾತ್ರ ಬರಬೇಡಿ. ಅಷ್ಟು ಕಟುವಾಗಿ ಹೇಳುವ ಮನಸ್ಸು ನನ್ನದಲ್ಲ. ಆದರೆ ಕಲಿಯಲು ಬನ್ನಿ ಎಂಬ ಮಾತನ್ನು ಯೋಚಿಸಿದಾಗಲೆಲ್ಲ ನಮ್ಮದೇ ಕರಾವಳಿ ನೆನಪಾಗುತ್ತದೆ. 1834ರಲ್ಲಿ ಮಂಗಳೂರಿಗೆ ಕಾಲಿಟ್ಟ ಬಾಸೆಲ್ ಮಿಷನ್ನಿನವರ ಉದ್ದೇಶ ಮತಪ್ರಚಾರವೇ ಆಗಿತ್ತು, ಅದನ್ನು ಅವರು ಮುಚ್ಚಿಡಲಿಲ್ಲ. ಅದರ ಬಗ್ಗೆ ನಮ್ಮಲ್ಲಿ ಇರುವ ವಾದವಿವಾದಗಳು ಇರಲಿ. ಆದರೆ ಇಲ್ಲಿಯ ಭಾಷೆ ಕಲಿಯದೆ ಇಲ್ಲಿ ಕೆಲಸವಿಲ್ಲ ಎಂದು ಅವರು ತಿಳಿದಿದ್ದರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಕನ್ನಡದ ಮುಂದೆ ವಿದ್ಯಾರ್ಥಿಯಾಗಿ ಕೂತರು, ಇಲ್ಲಿಯ ಪಂಡಿತರ ನೆರವು ಪಡೆದರು, ಹಳೆಯ ಕಾವ್ಯ, ಗಾದೆ, ಆಡುಮಾತುಗಳನ್ನು ಕೂಡಿಟ್ಟರು. ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಕಲಿಸಲು ಬಂದವರು ಕಲಿತು ಉಳಿಸಿಹೋದದ್ದನ್ನು ನಾವು ಇವತ್ತಿಗೂ ತೆರೆದು ನೋಡುತ್ತೇವೆ. ಹತ್ತು ದಿನಕ್ಕೆ ಹೋಗುವ ಹುಡುಗಿಯಿಂದ ನಿಘಂಟನ್ನು ಯಾರೂ ಬಯಸುವುದಿಲ್ಲ. ಆದರೆ ತನಗೆ ಊಟ ಬಡಿಸಿದವಳ ಹೆಸರನ್ನು ಸರಿಯಾಗಿ ಕರೆಯುವಷ್ಟು, ಆ ಅಡುಗೆ ಹೇಗೆ ಮಾಡಿದಿರಿ ಎಂದು ಅವಳ ಸ್ಪ್ಯಾನಿಷಿನಲ್ಲೇ ತೊದಲುತ್ತ ಕೇಳುವಷ್ಟು ವಿದ್ಯಾರ್ಥಿತನ ಅವಳಲ್ಲೂ ಇರಬಹುದಲ್ಲವೇ?

ಇನ್ನೊಂದು ಸಂಗತಿಯನ್ನು ಹೇಳದೆ ಮುಗಿಸಲಾರೆ. ಈ ದಾರಿ ಒಂದೇ ಕಡೆಗೆ ತೆರೆದಿದೆ. ಅಮೆರಿಕದ ಪಾಸ್‌ಪೋರ್ಟ್ ಕೈಯಲ್ಲಿದ್ದವರಿಗೆ ಹೊಂಡುರಾಸಿಗೆ ಪ್ರವಾಸ ಹೋಗಲು ವೀಸಾ ಬೇಕಿಲ್ಲ. ಅವರಿಗೆ ತನ್ನ ಮನೆಯ ಮಂಚ ಬಿಟ್ಟುಕೊಟ್ಟು ನೆಲದ ಮೇಲೆ ಮಲಗಿದ ಪಾಸ್ಟರ್, ಅವರ ಊರನ್ನು ಒಮ್ಮೆ ನೋಡಿ ಬರೋಣವೆಂದರೆ ಅರ್ಜಿ, ಶುಲ್ಕ, ಸಂದರ್ಶನ, ತಾನು ಹಿಂದಿರುಗಿಯೇ ತೀರುವೆನೆಂದು ಅಧಿಕಾರಿಯನ್ನು ನಂಬಿಸುವ ಕಷ್ಟ. ಚೆನ್ನೈನ ಅಮೆರಿಕನ್ ಕಾನ್ಸುಲೇಟಿನ ಮುಂದೆ ಕಡತ ಹಿಡಿದು ನಿಂತ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬರು ಸದಾ ಅತಿಥಿಯಾಗಿ, ಇನ್ನೊಬ್ಬರು ಸದಾ ಆತಿಥೇಯರಾಗಿ ಉಳಿಯುವ ನಂಟು ಎಷ್ಟು ವರ್ಷ ನಡೆದರೂ ಸರಿಸಮಾನರ ನಂಟಾಗುವುದು ಕಷ್ಟ.

ಆದ್ದರಿಂದ ಹೊರಡಲಿರುವವರಲ್ಲಿ ನನ್ನ ಕೋರಿಕೆ ಇದು. ಹೋಗಿ, ಕರೆದವರ ಮನೆಗೆ ಹೋಗಿ. ಯಾವ ಕೆಲಸ ಬೇಕು, ಯಾವುದು ಬೇಡ ಎಂಬುದನ್ನು ಅವರೇ ಹೇಳಲಿ. ಮಕ್ಕಳ ಫೋಟೋ ತೆಗೆಯುವ ಮುನ್ನ ಅವರ ತಾಯಿಯನ್ನು ಕೇಳಿ. ಸಾಧ್ಯವಾದರೆ ವರ್ಷ ಬಿಟ್ಟು ವರ್ಷವಾದರೂ ಅದೇ ಊರಿಗೆ ಮತ್ತೆ ಹೋಗಿ. ಮುಂದಿನ ಬೇಸಿಗೆಗೆ ನಿಮ್ಮ ಚರ್ಚು ಕೂಡಿಸುವ ಹಣದಲ್ಲಿ ಎರಡು ಟಿಕೆಟ್ಟನ್ನಾದರೂ ಆ ಊರಿನವರಿಗಾಗಿ ತೆಗೆದಿಡಿ, ವೀಸಾ ಅರ್ಜಿಯ ಜೊತೆ ಇಡಲು ಆಹ್ವಾನ ಪತ್ರ ಬರೆದುಕೊಡಿ, ಅವರು ಬಂದಾಗ ಉಪದೇಶದ ಪೀಠವನ್ನು ಅವರಿಗೆ ಬಿಟ್ಟು ನೀವು ಕೆಳಗೆ ಕೂತು ಕೇಳಿ.