ಕ್ಷಮೆ ನ್ಯಾಯಕ್ಕೆ ವೈರಿಯೇ?



ಪ್ರಭು ಕಲಿಸಿದ ಪ್ರಾರ್ಥನೆಯನ್ನು ನಾವು ಪ್ರತಿದಿನವೂ ಹೇಳುತ್ತೇವೆ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆಯೇ ನಮ್ಮನ್ನೂ ಕ್ಷಮಿಸೆಂದು ಪರಲೋಕದ ತಂದೆಯನ್ನು ಬೇಡುತ್ತೇವೆ. ನಾಲಗೆಗೆ ರೂಢಿಯಾದ ಈ ಮಾತು ಬದುಕಿಗೆ ಇಳಿಯಬೇಕಾದಾಗ ಭಾರವಾಗುತ್ತದೆ. ಜಮೀನಿನ ಪಾಲಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ದೇವಾಲಯದ ಬೇರೆ ಬೇರೆ ಬಾಗಿಲುಗಳಿಂದ ಒಳಬರುವುದು ನಮಗೆ ಹೊಸ ದೃಶ್ಯವಲ್ಲ. "ಕ್ಷಮಿಸಿದರೆ ಅವನು ಮಾಡಿದ್ದು ಸರಿಯೆಂದು ಒಪ್ಪಿದಂತಾಗುವುದಿಲ್ಲವೇ?" ಎಂದು ಅವರು ಕೇಳುತ್ತಾರೆ. ಇದು ಹಗುರವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಪುನೀತೆ ರಾಣಿ ಮರಿಯರ ಜೀವನದ ಬೆಳಕಿನಲ್ಲಿ ಇದನ್ನು ಧ್ಯಾನಿಸೋಣ.

1954ರ ಜನವರಿ 29ರಂದು ಕೇರಳದ ಪುಲ್ಲುವಳಿ ಗ್ರಾಮದ ಕೃಷಿಕ ಕುಟುಂಬದಲ್ಲಿ ಹುಟ್ಟಿದ ಮರಿಯಂ, ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆಯನ್ನು ಸೇರಿ ರಾಣಿ ಮರಿಯ ಎಂಬ ಹೆಸರು ಪಡೆದರು. 1975ರಲ್ಲಿ ಉತ್ತರ ಭಾರತಕ್ಕೆ ತೆರಳಿದ ಅವರು ಬಿಜನೋರ್ ಮತ್ತು ಓಡಗಿಗಳಲ್ಲಿ ಸೇವೆ ಸಲ್ಲಿಸಿ, 1992ರಲ್ಲಿ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ಉದಯನಗರಕ್ಕೆ ಬಂದರು. ಅಲ್ಲಿನ ಆದಿವಾಸಿ ಕೂಲಿಕಾರರು ಲೇವಾದೇವಿಗಾರರ ಸಾಲದಲ್ಲಿ ಸಿಲುಕಿದ್ದರು. ಸಿಸ್ಟರ್ ಅವರಿಗೆ ಉಳಿತಾಯ ಕಲಿಸಿದರು, ಸ್ವಸಹಾಯ ಸಂಘಗಳನ್ನು ಕಟ್ಟಿಸಿದರು, ಬ್ಯಾಂಕಿನ ಸಾಲವನ್ನೂ ಸರ್ಕಾರದ ಸವಲತ್ತುಗಳನ್ನೂ ಪಡೆಯುವ ದಾರಿ ತೋರಿಸಿದರು. ಬಡವರು ಲೆಕ್ಕ ಕೇಳತೊಡಗಿದಾಗ ಅವರ ಅಜ್ಞಾನದಿಂದ ಬದುಕುತ್ತಿದ್ದವರು ಸಿಟ್ಟಾದರು.

1995ರ ಫೆಬ್ರವರಿ 25ರಂದು ಸಿಸ್ಟರ್ ಇಂದೋರಿಗೆ ಹೋಗುವ ಬಸ್ಸಿನಲ್ಲಿದ್ದರು. ದಾರಿಯಲ್ಲಿ ಸಮಂದರ್ ಸಿಂಗ್ ಎಂಬ ಯುವಕ ಸಹಪ್ರಯಾಣಿಕರ ಕಣ್ಣೆದುರಿಗೇ ಅವರನ್ನು ಚೂರಿಯಿಂದ ಇರಿದು ಕೊಂದ. ಅವರ ದೇಹದ ಮೇಲೆ 54 ಗಾಯಗಳಿದ್ದವು. ಆಗ ಅವರ ವಯಸ್ಸು 41. ನ್ಯಾಯಾಲಯವು ಕೊಲೆಗಾರನಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಸ್ವಾಮಿ ಸದಾನಂದ ಎಂದು ಹೆಸರಾಗಿದ್ದ ಗುರುಗಳೊಬ್ಬರು ಸೆರೆಮನೆಯಲ್ಲಿ ಅವನನ್ನು ಭೇಟಿಯಾಗಿ ಮನಸ್ಸನ್ನು ಮೃದುಗೊಳಿಸಿದರು. 2002ರಲ್ಲಿ ರಾಣಿ ಮರಿಯರ ತಂಗಿ, ಅದೇ ಸಭೆಯ ಸಿಸ್ಟರ್ ಸೆಲ್ಮಿ ಪೌಲ್, ಅದೇ ಸೆರೆಮನೆಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿ ಸಹೋದರನೆಂದು ಸ್ವೀಕರಿಸಿದರು. ಮುಂದೆ ತಾಯಿ ಎಲೀಶ್ವಾ ತಮ್ಮ ಮಗಳ ರಕ್ತ ಅಂಟಿದ್ದ ಆ ಕೈಗಳಿಗೆ ಮುತ್ತಿಟ್ಟರು. ಕುಟುಂಬ ಮತ್ತು ಸಭೆಯವರ ವಿನಂತಿಯ ನೆರವಿನಿಂದ 2006ರಲ್ಲಿ ಅವನ ಬಿಡುಗಡೆಯಾಯಿತು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ಸಿಸ್ಟರ್ ರಾಣಿ ಮರಿಯರನ್ನು ಪುನೀತೆಯೆಂದು ಘೋಷಿಸಿದಾಗ ಸಮಂದರ್ ಸಿಂಗ್ ಕೂಡ ಆ ಸಮಾರಂಭದಲ್ಲಿದ್ದ.

ಈಗ ನಮ್ಮ ಪ್ರಶ್ನೆಗೆ ಬರೋಣ. ಈ ಕುಟುಂಬವು ಕೊಲೆಯನ್ನು ಸರಿಯೆಂದು ಒಪ್ಪಿತೇ? ಇಲ್ಲ. ತಪ್ಪೇ ಇಲ್ಲದ ಕಡೆ ಕ್ಷಮೆಗೆ ಅರ್ಥವಿಲ್ಲ. "ನಿನ್ನನ್ನು ಕ್ಷಮಿಸಿದ್ದೇನೆ" ಎನ್ನುವವನು "ನೀನು ಮಾಡಿದ್ದು ತಪ್ಪು" ಎಂಬುದನ್ನು ಮೊದಲೇ ಹೇಳಿರುತ್ತಾನೆ. ಸಾಕ್ಷ್ಯ, ತೀರ್ಪು, ಸೆರೆವಾಸ ಎಲ್ಲವೂ ನಡೆದವು. ನ್ಯಾಯವು ಅಪರಾಧವನ್ನು ತೂಗಿತು. ಕ್ಷಮೆಯು ಅಪರಾಧಿಯು ತನ್ನ ಅಪರಾಧಕ್ಕಿಂತ ದೊಡ್ಡವನೆಂದು ನಂಬಿತು. ಒಂದು ಇನ್ನೊಂದರ ಸ್ಥಾನವನ್ನು ಕಸಿದುಕೊಳ್ಳಲಿಲ್ಲ.

ಸತ್ತವಳ ಪರವಾಗಿ ಕ್ಷಮಿಸುವ ಅಧಿಕಾರ ಬದುಕಿರುವವರಿಗೆ ಎಲ್ಲಿದೆ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ರಾಣಿ ಮರಿಯರಿಗಾದ ನೋವು ಅವರದೇ. ಅದನ್ನು ಅವರು ದೇವರ ಕೈಗೆ ಒಪ್ಪಿಸಿ ಹೋದರು. ಆದರೆ ತಾಯಿಯ ಬರಿದಾದ ಮಡಿಲು ತಾಯಿಯದು, ಅಕ್ಕನಿಲ್ಲದ ತಂಗಿಯ ದುಃಖ ತಂಗಿಯದು. ತಮ್ಮ ಪಾಲಿಗೆ ಬಂದ ಗಾಯವನ್ನಷ್ಟೇ ಅವರು ಕ್ಷಮಿಸಿದರು. ಅದಕ್ಕೂ ಅವಸರವಿರಲಿಲ್ಲ, ಕೊಲೆಗೂ ರಾಖಿಗೂ ನಡುವೆ ಏಳು ವರ್ಷಗಳಿದ್ದವು.

ಇನ್ನೊಂದು ಎಚ್ಚರಿಕೆಯೂ ಬೇಕು. ಕ್ಷಮೆಯ ಹೆಸರಿನಲ್ಲಿ ನಾವು ಎಷ್ಟೋ ಸಲ ದುರ್ಬಲರ ಬಾಯಿ ಮುಚ್ಚಿಸುತ್ತೇವೆ. ಕುಡಿದು ಹೊಡೆಯುವ ಗಂಡನನ್ನು ಸಹಿಸಿಕೊಂಡಿರೆಂದು ಹೆಂಗಸರಿಗೆ ಬುದ್ಧಿ ಹೇಳುತ್ತೇವೆ. ಪುನೀತೆ ರಾಣಿ ಮರಿಯರು ಹಾಗೆ ಮಾಡಲಿಲ್ಲ. ಬಡ್ಡಿಯಲ್ಲಿ ಬೇಯುತ್ತಿದ್ದ ಆದಿವಾಸಿಗಳಿಗೆ ಅವರು "ಸಹಿಸಿಕೊಳ್ಳಿ" ಎನ್ನಲಿಲ್ಲ, ಲೆಕ್ಕ ಕಲಿಸಿದರು. ಅನ್ಯಾಯವನ್ನು ಎದುರಿಸಿದ ಅಕ್ಕ ಮತ್ತು ಅನ್ಯಾಯ ಮಾಡಿದವನನ್ನು ಕ್ಷಮಿಸಿದ ತಂಗಿ ಒಂದೇ ತಾಯಿಯ ಮಕ್ಕಳು, ಒಂದೇ ಶುಭಸಂದೇಶದ ಶಿಷ್ಯೆಯರು. ಹೊಡೆಯುವ ಕೈಯನ್ನು ತಡೆಯುವುದೂ ಪ್ರೀತಿಯೇ; ಆ ಕೈ ಚೂರಿಯನ್ನು ಬಿಟ್ಟ ಮೇಲೆ ಅದನ್ನು ಹಿಡಿಯುವುದೂ ಪ್ರೀತಿಯೇ.

ಪ್ರಿಯ ಓದುಗರೇ, ನಿಮ್ಮ ಮನೆಯ ಮುರಿದ ಸಂಬಂಧವನ್ನು ಒಮ್ಮೆ ನೆನೆಯಿರಿ. ನ್ಯಾಯವಾಗಿ ನಿಮಗೆ ಬರಬೇಕಾದ್ದನ್ನು ಕೇಳಿ, ಅದು ಪಾಪವಲ್ಲ. ಆದರೆ ಕೇಳುವಾಗ ಎದುರಿಗಿರುವವನು ಇನ್ನೂ ನಿಮ್ಮ ತಮ್ಮನೇ ಎಂಬುದನ್ನು ಮರೆಯದಿರಿ. ಪಾಲು ಇತ್ಯರ್ಥವಾಗುವ ಮೊದಲೇ ಅವನ ಮಗುವಿನ ಜ್ವರ ವಿಚಾರಿಸಲು ಹೋಗಬಹುದು. ಇಂದು ಅಷ್ಟೂ ಸಾಧ್ಯವಾಗದಿದ್ದರೆ ಅವನ ಹೆಸರನ್ನು ನಿಮ್ಮ ಸಂಜೆಯ ಪ್ರಾರ್ಥನೆಯಲ್ಲಿ ಸೇರಿಸಿರಿ. ಏಳು ವರ್ಷದ ಹಾದಿಗೂ ಮೊದಲ ಹೆಜ್ಜೆ ಒಂದಿರುತ್ತದೆ.