ಗೆಳೆಯನ ಪಾಲು



ನಿಮ್ಮ ಮನೆಯ ಹುಡುಗನೂ ಅವನ ಗೆಳೆಯನೂ ಕೂಡಿ ಕಂಪ್ಯೂಟರ್ ಕಂಪನಿಯೊಂದನ್ನು ತೆರೆಯುತ್ತೇವೆಂದು ಬಂದು ನಿಂತರೆ ನೀವು ಮೊದಲು ಕೇಳುವುದೇನು? ಬಂಡವಾಳ ಎಲ್ಲಿಂದ, ಸಾಲವೆಷ್ಟು ಎಂದು. ನಾಳೆ ಒಬ್ಬನು ಹಾಸಿಗೆ ಹಿಡಿದರೆ ಅವನ ಪಾಲಿನ ಗತಿಯೇನು ಎಂದು ಕೇಳುವವರು ವಿರಳ. ಶಕುನವನ್ನು ನಂಬದ ನಮಗೂ ಆ ಮಾತು ನಾಲಗೆಗೆ ಬಾರದು.

ಬಿಲ್ ಗೇಟ್ಸ್ ಮತ್ತು ಪಾಲ್ ಆ್ಯಲನ್ ಅಮೆರಿಕದ ಸಿಯಾಟಲ್‌ನಲ್ಲಿ ಒಂದೇ ಶಾಲೆಯಲ್ಲಿ ಕಲಿತ ಗೆಳೆಯರು. 1975ರಲ್ಲಿ ಇಬ್ಬರೂ ಸೇರಿ ಮೈಕ್ರೋಸಾಫ್ಟ್ ಆರಂಭಿಸಿದರು. ಪಾಲು ಅರ್ಧರ್ಧವೆಂದು ತಾನು ಎಣಿಸಿದ್ದುದಾಗಿ ಆ್ಯಲನ್ 2011ರ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಗೇಟ್ಸ್ 60-40 ಎಂದರು, ಆಮೇಲೆ 64-36 ಎಂದರು. ಅವರ ಮೊದಲ ಸರಕಾದ ಬೇಸಿಕ್‌ಗಾಗಿ ಹೆಚ್ಚು ದುಡಿದವನು ತಾನೆಂಬುದು ಗೇಟ್ಸ್ ವಾದ. ಆ್ಯಲನ್ ಎರಡು ಸಲವೂ ಒಪ್ಪಿದರು.

ಆ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ದುಡಿದವನಿಗೆ ಹೆಚ್ಚು ಸಲ್ಲುವುದು ನ್ಯಾಯವೇ. ಆದರೆ 1982ರಲ್ಲಿ ಆ್ಯಲನ್‌ರಿಗೆ ಕ್ಯಾನ್ಸರ್ ತಗಲಿತು. ಚಿಕಿತ್ಸೆ ನಡೆದಿದ್ದ ಕಾಲದಲ್ಲೇ ಒಂದು ಸಂಜೆ, ಗೇಟ್ಸ್ ಮತ್ತು ಸ್ಟೀವ್ ಬಾಲ್ಮರ್ ಕೋಣೆಯೊಳಗೆ ಆಡುತ್ತಿದ್ದ ಮಾತು ಅವರ ಕಿವಿಗೆ ಬಿತ್ತು. ಇವರಿಂದ ಕೆಲಸ ಸಾಗುತ್ತಿಲ್ಲ, ಪಾಲನ್ನು ತಗ್ಗಿಸುವ ಉಪಾಯವೇನು ಎಂಬುದೇ ಅಲ್ಲಿನ ಚರ್ಚೆ. ಅವರು ಬಾಗಿಲು ತಳ್ಳಿ ಒಳಹೊಕ್ಕರು. ಮರುವರ್ಷ ಕಂಪನಿಯನ್ನು ಬಿಟ್ಟರು.

ಇದು ಒಬ್ಬರ ಹೇಳಿಕೆ. ಇನ್ನೊಬ್ಬ ಕಕ್ಷಿಯನ್ನು ಕೇಳದೆ ತೀರ್ಪು ಕೊಡಲು ಮದ್ರಸದಲ್ಲಿ ಕಲಿತವನಿಗೆ ಧೈರ್ಯ ಸಾಲದು. ಹಲವು ಸಂಗತಿಗಳ ಕುರಿತು ತನ್ನ ನೆನಪು ಬೇರೆಯಿರಬಹುದು, ಆದರೆ ಆ ಸ್ನೇಹ ತನಗೆ ಅಮೂಲ್ಯ ಎಂದು ಗೇಟ್ಸ್ ಹೇಳಿದ್ದರು.

ಯಾರನ್ನೂ ದುಷ್ಟರೆನ್ನದೆಯೂ ಇಂಥದ್ದು ಏಕೆ ಆಗುತ್ತದೆ? ಹೊಸ ಕಂಪನಿಗೆ ಹಗಲು ರಾತ್ರಿಯಿಲ್ಲ. ಕಚೇರಿಯಲ್ಲೇ ಮಲಗುವವನು ಮನೆಗೆ ಹೋಗುವವನ ಗಂಟೆಗಳನ್ನು ಎಣಿಸತೊಡಗುತ್ತಾನೆ. ತನ್ನ ಬೆವರನ್ನು ತಾನು ಕಂಡಿರುತ್ತಾನೆ, ಗೆಳೆಯನದನ್ನು ಕೇಳಿ ಮಾತ್ರ ಬಲ್ಲ. ಗೆಳೆಯನಾಗಿ ‘ಹೇಗಿದ್ದೀಯಾ?’ ಎನ್ನುತ್ತಾನೆ, ಪಾಲುದಾರನಾಗಿ ‘ಯಾವಾಗ ಬರುತ್ತೀಯಾ?’ ಎನ್ನುತ್ತಾನೆ. ಎರಡೂ ಒಂದೇ ಬಾಯಿಂದ ಬಂದಾಗ ರೋಗಿಯು ಯಾವುದಕ್ಕೆ ಉತ್ತರಿಸಬೇಕು?

ಸಾಲದ ವ್ಯವಹಾರವನ್ನು ಬರೆದಿಡಿರೆಂಬ ಅಲ್ ಬಕರ ಅಧ್ಯಾಯದ ಆದೇಶವನ್ನು ನಾವು ಓದುತ್ತೇವೆ. ಪಾಲುದಾರಿಕೆಯಲ್ಲೂ ಬರಹ ಬೇಕು, ಸಂಶಯವಿಲ್ಲ. ಆದರೆ ಆ್ಯಲನ್‌ರ ಪಾಲೂ ಕಾಗದದಲ್ಲಿತ್ತಲ್ಲ! ಕೆಲಸ ಕುಂಠಿತವಾದವನ ಪಾಲೆಷ್ಟು ಎಂಬ ಪ್ರಶ್ನೆ ತಪ್ಪಲ್ಲ. ಆ್ಯಲನ್‌ರ ಎದುರು ಕುಳಿತು ಕೇಳಿದ್ದರೆ ಅದು ಕಹಿಯಾದ ವ್ಯವಹಾರವಾಗುತ್ತಿತ್ತು, ಅಷ್ಟೆ. ಮುಚ್ಚಿದ ಬಾಗಿಲ ಹಿಂದೆ ಆಡಿದ್ದರಿಂದ ಅದು ಗೀಬತ್ ಆಯಿತು. ನಮ್ಮ ಅಂಗಡಿ, ಗುಜರಿಗಳಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ವಿಚಾರಿಸಿ ನೋಡಿ, ಹಣಕ್ಕಿಂತ ಮೊದಲು ಇಂಥ ಒಂದು ಮಾತು ಸಿಕ್ಕೀತು.

2009ರಲ್ಲಿ ಆ್ಯಲನ್‌ರಿಗೆ ಮತ್ತೆ ಕ್ಯಾನ್ಸರ್ ಬಂದಾಗ ಗೇಟ್ಸ್ ಹಲವು ಸಲ ಅವರನ್ನು ನೋಡಲು ಹೋದರು. ಆ ಹೊತ್ತಿಗೆ ಅವರ ನಡುವೆ ಹಂಚಿಕೊಳ್ಳಬೇಕಾದ ಕಂಪನಿ ಇರಲಿಲ್ಲ.